ಪುಡಿಯಿಲ್ಲದ ಲಿಲ್ಲಿ

ಬೆಳಗ್ಗೆ ಏಳೂಕಾಲಿನ ಬಸ್ಸಿಗೆ ನಿಲ್ಲುವವರಲ್ಲಿ ಒಬ್ಬ ಹೆಂಗಸಿದ್ದರು. ಐವತ್ತರ ಆಚೆ ಈಚೆ ವಯಸ್ಸು, ಇಸ್ತ್ರಿಯ ಗೆರೆ ಮುರಿಯದ ಬಿಳಿ ಕೋಟು, ಕೈಯಲ್ಲಿ ಊಟದ ಡಬ್ಬಿ. ಎಲ್ಲ ಸರಿ. ಆದರೆ ವರ್ಷಕ್ಕೆ ಎರಡು ತಿಂಗಳು ಅವರ ಮೂಗಿನ ತುದಿಗೆ ಕಂದು ಪುಡಿ ಮೆತ್ತಿಕೊಂಡಿರುತ್ತಿತ್ತು. ನಶ್ಯದ ಚಟ ಎಂದು ಇಡೀ ಬಸ್‌ಸ್ಟಾಪು ತೀರ್ಮಾನಿಸಿತ್ತು. ಎರಡೇ ತಿಂಗಳು ಯಾಕೆ ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಬೇರೆಯವರ ಚಟದ ವಿಷಯ ಬಂದಾಗ ನಾವು ಸಾಕ್ಷಿ ಕೇಳುವವರಲ್ಲ. ಇದನ್ನು ಬರೆಯುತ್ತಿರುವವನಂತೂ ಒಂದು ಹೆಜ್ಜೆ ಮುಂದೆ ಹೋಗಿ, ನಶ್ಯದ ದುಷ್ಪರಿಣಾಮಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಲೇಖನವನ್ನು ಕತ್ತರಿಸಿ, ಅವರು ಕೂರುವ ಸೀಟಿನ ಮೇಲೆ ತಾನಾಗಿಯೇ ಬಿದ್ದಂತೆ ಇಟ್ಟ. ಅವರು ಅದನ್ನು ಒಂದಕ್ಷರ ಬಿಡದೆ ಓದಿದರು, ನಾಲ್ಕಾಗಿ ಮಡಿಸಿದರು, ಹಿಂದೆ ಕೂತಿದ್ದ ಅವನತ್ತ ತಿರುಗಿದರು.

"ತಗೊಳ್ಳಿ, ನಿಮ್ಮದೇ ಇರಬೇಕು. ಬಿಡೋಕೆ ಪ್ರಯತ್ನ ಪಡ್ತಿದ್ದೀರಾ? ಒಳ್ಳೇದು. ಧೈರ್ಯ ಕಳ್ಕೋಬೇಡಿ."

ಅದು ನಶ್ಯವಲ್ಲ, ಲಿಲ್ಲಿ ಹೂವಿನ ಪರಾಗ ಎಂದು ತಿಳಿಯಲು ಇನ್ನೊಂದು ವರ್ಷ ಹಿಡಿಯಿತು. ಆ ಪುಡಿ ಮೂಗಿಗೆ ಹೇಗೆ ಬಂತು, ಕೊನೆಗೆ ಹೇಗೆ ಹೋಯಿತು ಎಂಬುದೇ ಅವರ ಜೀವನದ ಹನ್ನೊಂದು ವರ್ಷದ ಕತೆ.

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಉದ್ದನೆಯ ಕೋಣೆಯೊಂದಿದೆ. ಒಗೆಯುವ ಯಂತ್ರಗಳು ಆರು. ಅವುಗಳಲ್ಲಿ ಒಂದು ಯಾವಾಗಲೂ ಹೊಟ್ಟೆ ಬಿಚ್ಚಿಕೊಂಡು ರಿಪೇರಿಗೆ ಮಲಗಿರುತ್ತದೆ. ಅಲ್ಲಿನ ಮೇಲ್ವಿಚಾರಕಿ ಇವರು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಲಾಂಡ್ರಿ ಅಕ್ಕ. ದಿನಕ್ಕೆ ಒಂಬೈನೂರು ಬೆಡ್‌ಶೀಟು ಅಕ್ಕನ ಕಣ್ಣೆದುರು ಹಾದು ಹೋಗಬೇಕು. ರಕ್ತಕ್ಕೆ ತಣ್ಣೀರು, ಮುಲಾಮಿಗೆ ಬಿಸಿನೀರು, ಶಾಯಿಗೆ ಸ್ಪಿರಿಟ್ಟು. ಶೀಟಿನ ಮೇಲಿನ ಕಲೆ ನೋಡಿಯೇ, ಸೂಪು ಚೆಲ್ಲಿದ್ದು ರೋಗಿಯೋ ಅಥವಾ ರೋಗಿಯ ಸೂಪು ಕುಡಿಯುತ್ತಿದ್ದ ಅಳಿಯನೋ ಎಂದು ಹೇಳಬಲ್ಲರು.

ಅಂಥ ಅಕ್ಕನನ್ನು ಸೋಲಿಸಿದ್ದು ಒಂದು ಹೂವು. ರೋಗಿಯನ್ನು ನೋಡಲು ಬರುವವರು ಗುಲಾಬಿ ತಂದರೆ ಅದು ಬಾಡುತ್ತದೆ, ಕಸಕ್ಕೆ ಹೋಗುತ್ತದೆ, ಕತೆ ಮುಗಿಯಿತು. ಲಿಲ್ಲಿ ಹಾಗಲ್ಲ. ಅದರ ಹೊಟ್ಟೆಯೊಳಗೆ ಆರು ಕಡ್ಡಿ, ಪ್ರತಿ ಕಡ್ಡಿಯ ತುದಿಯಲ್ಲೂ ಅಡ್ಡಲಾಗಿ ತೂಗುವ ಭತ್ತದ ಕಾಳಿನಂಥ ಒಂದು ಕೋಶ. ಹೂವು ಅರಳಿ ಅರ್ಧ ದಿನವಾಗುವಷ್ಟರಲ್ಲಿ ಕೋಶ ಬಿರಿದು ತುಕ್ಕಿನ ಬಣ್ಣದ ಪುಡಿ ಉಗುಳುತ್ತದೆ. ಯಾರೋ ತಲೆದಿಂಬು ಸರಿಮಾಡಲು ಬಗ್ಗುತ್ತಾರೆ, ತೋಳು ತಾಗುತ್ತದೆ, ಪುಡಿ ಶೀಟಿಗೆ ಬೀಳುತ್ತದೆ. ಅಯ್ಯೋ ಎಂದು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಾರೆ. ಅಲ್ಲಿಗೆ ಆ ಶೀಟಿನ ಆಯುಸ್ಸು ಮುಗಿದಂತೆ. ಒಣಗಿದ ಪುಡಿಯನ್ನು ಟೇಪು ಅಂಟಿಸಿ ಎತ್ತಬೇಕು, ನೀರು ಸೋಕಿಸಲೇಬಾರದು ಎಂದು ಅಕ್ಕ ನಾಲ್ಕು ಮಹಡಿ ಹತ್ತಿಳಿದು ಎಲ್ಲರಿಗೂ ಹೇಳಿದರು. ಎಲ್ಲರೂ ತಲೆಯಾಡಿಸಿದರು, ಉಜ್ಜಿದರು. ಬೇಸತ್ತ ಅಕ್ಕ ದೂರು ಕೊಟ್ಟರು. ಆಸ್ಪತ್ರೆಯ ಬಾಗಿಲಲ್ಲಿ ಬೋರ್ಡು ಬಿತ್ತು: ವಾರ್ಡುಗಳಿಗೆ ಲಿಲ್ಲಿ ಹೂವು ತರಬಾರದು.

ಬೋರ್ಡು ಬಿದ್ದ ಎರಡನೇ ವಾರ, ಯಾರದೋ ಕೈಯಿಂದ ಕಿತ್ತುಕೊಂಡ ಒಂದು ಲಿಲ್ಲಿ ಕುಂಡ ಕೊಳೆಬಟ್ಟೆಯ ಗಾಡಿಯಲ್ಲಿ ಅಕ್ಕನ ಮುಂದೆ ಬಂದು ನಿಂತಿತು. ಜೀವಮಾನದಲ್ಲಿ ಒಂದು ಕೊತ್ತಂಬರಿ ಕಡ್ಡಿಯನ್ನೂ ಬೆಳೆಯದ ಅಕ್ಕ ಅದನ್ನು ಮನೆಗೆ ಹೊತ್ತು ತಂದರು.

ಮನೆಯಲ್ಲಿ ಇನ್ನಿಬ್ಬರು. ಲಿಫ್ಟ್ ರಿಪೇರಿ ಮಾಡುವ ಗಂಡ, ಮತ್ತು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿರುವ ನಾದಿನಿ. ಗಂಡ ಮಾತಿನಲ್ಲಿ ಜಿಪುಣ. ಅಣ್ಣ ಬಿಟ್ಟ ಮಾತನ್ನೆಲ್ಲ ತಂಗಿ ಎತ್ತಿ ಬಳಸಿಕೊಳ್ಳುತ್ತಿದ್ದಳು.

"ಏನೇ ಇದು, ನೀನೇ ಬೇಡ ಅಂತ ಬೋರ್ಡು ಹಾಕಿಸಿದ ಹೂವನ್ನ ನೀನೇ ಮನೆಗೆ ತಂದಿದ್ದೀಯ?" ಎಂದರು ಗಂಡ.

"ಕಳ್ಳ ಸಿಕ್ಕಿದ್ರೆ ಪೊಲೀಸರು ಎಲ್ಲಿಗೆ ಕರ್ಕೊಂಡು ಹೋಗ್ತಾರ್ರೀ? ಸ್ಟೇಷನ್ನಿಗೇ ತಾನೇ?"

"ಹಾಗಾದ್ರೆ ಜಾಮೀನು ಯಾವಾಗ ಅತ್ತಿಗೆ?" ಎಂದಳು ನಾದಿನಿ.

ಜಾಮೀನು ಸಿಗಲಿಲ್ಲ. ಅಕ್ಕ ಆ ಕುಂಡವನ್ನು ಮನೆಯ ಮೇಲಿನ ತಾರಸಿಯಲ್ಲಿಟ್ಟು ಒಂದು ತಿಂಗಳು ವಿಚಾರಣೆ ಮಾಡಿದರು. ಹೂವು ಬಿದ್ದು ದಂಟು ಒಣಗಿದ ಮೇಲೆ ಮಣ್ಣು ಕೆದಕಿ ಗೆಡ್ಡೆ ನೋಡಿದರು. ಮುಂದಿನ ವರ್ಷ ಅದು ಮತ್ತೆ ಎದ್ದಿತು, ಮತ್ತೆ ಅರಳಿತು, ಅಕ್ಕನ ಬಿಳಿ ಕೋಟಿಗೆ ಮತ್ತೆ ಪುಡಿ ಮೆತ್ತಿತು. ಆ ದಿನ ಅಕ್ಕ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ ಘೋಷಿಸಿದರು: "ಕಲೆ ತೆಗೆಯೋ ಕೆಲಸ ಸಾಕು. ಕಲೆಯೇ ಆಗದ ಲಿಲ್ಲಿ ಬೇಕು."

ಹೂವಿನಂಗಡಿಯವರು ಅರಳುತ್ತಿದ್ದಂತೆ ಆ ಆರು ಕೋಶಗಳನ್ನು ಚಿವುಟಿ ಬಿಸಾಡುತ್ತಾರೆ ಎಂದು ನಾದಿನಿ ಪತ್ತೆಹಚ್ಚಿ ಬಂದಳು.

"ಚಿವುಟಿದ್ರೆ ಆ ದಿನಕ್ಕಾಯ್ತು. ಮರೆತ ದಿನ?" ಎಂದರು ಅಕ್ಕ.

ಪುಡಿಯಿಲ್ಲದ ಲಿಲ್ಲಿ ಜಗತ್ತಿನಲ್ಲಿ ಇರಲೇ ಇಲ್ಲವೆಂದಲ್ಲ. ಇದ್ದವು, ಆದರೆ ಅಕ್ಕ ಕಂಡವೆಲ್ಲ ಗುಲಾಬಿ ಬಣ್ಣದವು, ಎಲೆಕೋಸಿನ ಹಾಗೆ ಪದರ ಪದರವಾಗಿ ಅರಳುವವು. ಅಕ್ಕನಿಗೆ ಬೇಕಾಗಿದ್ದು ಕಹಳೆಯಂತೆ ನೀಳವಾದ, ಆಗತಾನೇ ಇಸ್ತ್ರಿಯಾದ ಶೀಟಿನಷ್ಟು ಬಿಳಿಯಾದ ಹೂವು. ಅದು ಎಲ್ಲಿಯೂ ಸಿಗಲಿಲ್ಲ. ಸಿಗದಿದ್ದರೆ ಮಾಡಿಕೊಳ್ಳುವುದು ಎಂದು ನಿರ್ಧರಿಸಿದ ಅಕ್ಕನಿಗೆ, ಹಾಗೆ ಮಾಡಲು ಎಷ್ಟು ವರ್ಷ ಬೇಕು ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೂ ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಎನ್ನುತ್ತಾರೆ ಗಂಡ.

ಒಂದು ದಿನ ಬೀಜದಂಗಡಿಯಿಂದ ತಂದ ಹತ್ತು ಗೆಡ್ಡೆಗಳಲ್ಲಿ ಒಂದು ಸೊಟ್ಟಗೆ ಬೆಳೆಯಿತು. ಹೂವು ಹಸಿರು ಮಿಶ್ರಿತ ಬಿಳಿ, ಕುತ್ತಿಗೆ ಜೋಲು. ಆದರೆ ಅದರ ಆರು ಕೋಶಗಳೂ ಸುಟ್ಟ ದಾರದ ತುಂಡಿನಂತೆ ಮುರುಟಿದ್ದವು. ಅಂಗಡಿಯವನು ನೋಡಿ ಮುಖ ಸಿಂಡರಿಸಿದ.

"ಇದು ಕೆಟ್ಟ ಗಿಡ ಅಕ್ಕಾ. ಕೊಡಿ, ಬದಲಾಯಿಸಿ ಕೊಡ್ತೀನಿ."

"ಮುಟ್ಟಿದ್ರೆ ನೋಡಿ!" ಎಂದರು ಅಕ್ಕ.

ಆ ಕೆಟ್ಟ ಗಿಡವನ್ನು ತಾಯಿ ಮಾಡಿದರು. ಬೆನ್ನು ನೆಟ್ಟಗಿರುವ ಅಚ್ಚ ಬಿಳಿಯ ಗಿಡವೊಂದನ್ನು ಹುಡುಕಿ ತಂದು ತಂದೆ ಮಾಡಿದರು. ತಂದೆಯ ಪುಡಿಯನ್ನು ಹಳೆಯ ಮಾತ್ರೆ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟರು. ತಾಯಿಯ ಹೂವು ಅರಳಿದ ದಿನ ಸಣ್ಣ ಕುಂಚದಿಂದ ಹಚ್ಚಿ, ಬೇರೆ ಪುಡಿ ತಾಗದಂತೆ ಬೆಳ್ಳಿ ಕಾಗದದ ಟೊಪ್ಪಿ ಹಾಕಿದರು. ಕಾಯಿ ಬಲಿತು ಬೀಜವಾಯಿತು. ಬೀಜ ಸಸಿಯಾಯಿತು. ಆಸ್ಪತ್ರೆಯ ಖಾಲಿ ಸೋಪಿನ ಡ್ರಮ್ಮುಗಳೆಲ್ಲ ಮೇಲ್ವಿಚಾರಕಿಯ ಅನುಮತಿಯಿಂದ, ಅಂದರೆ ತಮ್ಮದೇ ಅನುಮತಿಯಿಂದ, ತಾರಸಿ ಹತ್ತಿದವು. ಪ್ರತಿ ಡ್ರಮ್ಮಿಗೂ ಶೀಟುಗಳಿಗೆ ಹೊಲಿಯುವ ನಂಬರಿನ ಬಟ್ಟೆಚೀಟಿ. ಬರೆದದ್ದು ಎಷ್ಟು ಒಗೆದರೂ ಹೋಗದ ಲಾಂಡ್ರಿ ಶಾಯಿಯಲ್ಲಿ.

ಮೂರು ವರ್ಷದ ಮೇಲೆ ನಲವತ್ತು ಗಿಡ ಹೂಬಿಟ್ಟವು. ಅಕ್ಕ ಪರೀಕ್ಷಿಸುವ ವಿಧಾನ ಸರಳ. ಬೆಳಗ್ಗೆ ಬಸ್ಸಿಗೆ ಹೊರಡುವ ಮುನ್ನ ಒಂದೊಂದೇ ಹೂವಿನೊಳಗೆ ಮೂಗು ತೂರಿಸಿ, ಹೊರಗೆ ತೆಗೆದು, ಮೆಟ್ಟಿಲ ಬಳಿಯ ಕನ್ನಡಿಯಲ್ಲಿ ಮೂಗು ನೋಡಿಕೊಳ್ಳುವುದು. ಎರಡು ಕೈಯಲ್ಲೂ ನೀರಿನ ಕ್ಯಾನು ಇರುವವರಿಗೆ ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಬಸ್ಸು ಯಾವಾಗಲೂ ಮೂಗು ಒರೆಸಿಕೊಳ್ಳುವುದಕ್ಕಿಂತ ಒಂದು ನಿಮಿಷ ಮೊದಲೇ ಬರುತ್ತಿತ್ತು.

ನಲವತ್ತಕ್ಕೆ ನಲವತ್ತೂ ಪುಡಿ ಸುರಿದವು.

"ಪುಡಿ ಇಲ್ಲದ್ದು ಮಾಡ್ತೀನಿ ಅಂತ ಹೋಗಿ ಪುಡಿ ಫ್ಯಾಕ್ಟರಿ ತೆಗೆದ್ರಲ್ಲ ಅತ್ತಿಗೆ," ಎಂದಳು ನಾದಿನಿ.

ಅಕ್ಕ ಎರಡು ದಿನ ತಾರಸಿಯ ಮೆಟ್ಟಿಲನ್ನೇ ಹತ್ತಲಿಲ್ಲ. ಮೂರನೆಯ ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ರಕ್ತಪರೀಕ್ಷೆಯ ಲ್ಯಾಬಿನವರು ಎದುರಿಗೆ ಸಿಕ್ಕರು. ಟೀ ಆರುವಷ್ಟು ಹೊತ್ತು ಅಕ್ಕನ ಗೋಳು ಕೇಳಿದ ಅವರು ನಕ್ಕುಬಿಟ್ಟರು.

"ಒಂದು ತಲೆಮಾರಿಗೇ ಕೈ ಎತ್ತಿದ್ರೆ ಹೇಗಕ್ಕಾ? ಆ ಗುಣ ಒಳಗೆ ಅಡಗಿ ಕೂತಿದೆ ಅಷ್ಟೆ. ಅಣ್ಣತಂಗಿ ಗಿಡಗಳನ್ನೇ ಪರಸ್ಪರ ಕೂಡಿಸಿ. ನಾಲ್ಕರಲ್ಲಿ ಒಂದಕ್ಕೆ ಹೊರಗೆ ಬರುತ್ತೆ. ನಿಮ್ಮ ಮನೇಲೇ ನೋಡಿ, ಅಜ್ಜಿ ಮೂಗು ಮಗನಿಗೆ ಬರದೆ ಮೊಮ್ಮಗಳಿಗೆ ಬಂದಿರೋದು ಇಲ್ವಾ?"

ಅಕ್ಕನ ಮಾವ ಸಣ್ಣ ಮೂಗಿನವರು. ಮಾವನ ತಾಯಿಯ ಫೋಟೋ ಹಜಾರದಲ್ಲಿತ್ತು. ಚೌಕಟ್ಟಿನಿಂದ ಹೊರಗೆ ಬರುವಂಥ ಮೂಗು. ಆ ಸಂಜೆ ಊಟಕ್ಕೆ ಕೂತಾಗ ಅಕ್ಕ ಫೋಟೋ ನೋಡಿದರು, ನಾದಿನಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಮುಖ ಅರಳಿತು.

"ಏನತ್ತಿಗೆ ಹಾಗೆ ನೋಡ್ತೀರಿ?"

"ಏನಿಲ್ಲ ಕಣೇ. ನಿನ್ನ ಮೂಗು ನೋಡಿದ್ರೆ ಇನ್ನೂ ನಾಲ್ಕು ವರ್ಷ ದುಡಿಯೋಣ ಅನ್ಸುತ್ತೆ."

ಮದುವೆಯಾಗಿ ಈ ಮನೆಗೆ ಬಂದ ಇಪ್ಪತ್ತು ವರ್ಷದಲ್ಲಿ ಅತ್ತಿಗೆ ತನ್ನ ಮೂಗನ್ನು ಹೊಗಳಿದ್ದು ಅದೇ ಮೊದಲು ಎಂದು ನಾದಿನಿ ಖುಷಿಪಟ್ಟಳು. ಕಾರಣ ಗೊತ್ತಾದ ಮೇಲೆ ಒಂದು ವಾರ ಅತ್ತಿಗೆಗೆ ಟೀ ಮಾಡಿಕೊಡಲಿಲ್ಲ.

ಎರಡನೆಯ ತಲೆಮಾರಿನಲ್ಲಿ ಇಪ್ಪತ್ತಾರು ಗಿಡ ಹೂಬಿಟ್ಟವು. ಆರರಲ್ಲಿ ಕೋಶಗಳು ಮುರುಟಿದ್ದವು. ಅಕ್ಕ ಕುಣಿಯಲಿಲ್ಲ, ಲಾಂಡ್ರಿಯಲ್ಲಿ ಹರಿದ ಶೀಟು ಬೇರ್ಪಡಿಸುವ ಹಾಗೆ ಬೇರ್ಪಡಿಸಿದರು. ಒಂದರ ಕುತ್ತಿಗೆ ಅಜ್ಜಿ ಗಿಡದಂತೆಯೇ ಜೋಲು. ಎರಡು ಹಸಿರು. ಒಂದಕ್ಕೆ ವಾಸನೆಯೇ ಇಲ್ಲ. ಇನ್ನೊಂದಕ್ಕೆ ಇತ್ತು, ಇರದಿದ್ದರೇ ಚೆನ್ನಾಗಿತ್ತು. ಉಳಿದದ್ದು ಹದಿನೇಳನೇ ನಂಬರು. ನೆಟ್ಟನೆಯ ದಂಟು, ಉದ್ದನೆಯ ಬಿಳಿ ಕಹಳೆ, ಹದವಾದ ಪರಿಮಳ. ಅಕ್ಕ ಮೂಗು ತೂರಿಸಿದರು, ಕನ್ನಡಿ ನೋಡಿದರು. ಮತ್ತೆ ತೂರಿಸಿದರು, ಈ ಸಲ ಹಣೆಯವರೆಗೂ. ಮುಖದ ಮೇಲೆ ಒಂದು ಕಣವಿಲ್ಲ. ಕೆಳಗೆ ಬಸ್ಸು ಹಾರನ್ನು ಹೊಡೆದು ಹೊರಟುಹೋಯಿತು. ಹೋದರೆ ಹೋಗಲಿ.

ಇನ್ನೆರಡು ವರ್ಷ ಗೆಡ್ಡೆಯ ಪದರ ಬಿಡಿಸಿ ನೆಟ್ಟು ಹದಿನೇಳನ್ನು ಹನ್ನೆರಡು ಡ್ರಮ್ಮು ಮಾಡಿದರು, ಯಾವುದೂ ಪುಡಿಯುಗುಳಲಿಲ್ಲ. ಆಗ ಅಕ್ಕ ಆಸ್ಪತ್ರೆಯ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, ತಾವೇ ಹಾಕಿಸಿದ ಬೋರ್ಡಿಗೆ "ಹದಿನೇಳನೇ ನಂಬರಿನ ಹೊರತು" ಎಂದು ಸೇರಿಸಬೇಕೆಂದು ಕೇಳಿದರು.

"ನೀವು ಹೇಳಿದ್ರೆ ನಾನು ನಂಬ್ತೀನಿ," ಎಂದರು ಸೂಪರಿಂಟೆಂಡೆಂಟು. "ಆದರೆ ಕಡತ ನಂಬಬೇಕಲ್ಲ. ಪುಷ್ಪಪ್ರಿಯರ ಸಂಘದ ಪ್ರದರ್ಶನದಲ್ಲಿ ಬಹುಮಾನ ಗೆದ್ದು, ಅವರ ಹೊಸ ತಳಿಗಳ ಪಟ್ಟಿಯಲ್ಲಿ ಇದು ಸೇರಲಿ. ಒಂದು ಹಾಳೆ ತನ್ನಿ, ಮಾರನೇ ದಿನ ಬೋರ್ಡು ಬದಲಾಯಿಸ್ತೀನಿ."

ಒಂದು ಹಾಳೆ. ಹನ್ನೊಂದು ವರ್ಷದ ಕೊನೆಯಲ್ಲಿ ಅಕ್ಕನಿಗೆ ಬೇಕಾಗಿದ್ದು ಅಷ್ಟೇ.

ಸಂಘದ ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಿಂದ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ನಿವೃತ್ತಿಯ ದಿನ ತಕ್ಕಡಿ ಇಲಾಖೆಗೆ ಹಿಂತಿರುಗಿಸಿದರು, ಅನುಮಾನವನ್ನು ಮಾತ್ರ ಮನೆಗೆ ತಂದುಕೊಂಡರು. ಜೇಬಿನಲ್ಲಿ ಯಾವಾಗಲೂ ಸ್ಟೀಲಿನ ಅಳತೆ ಟೇಪು. ಹೂವು ಕಂಡರೆ ಮೊದಲು ಅಳೆಯುವುದು, ಆಮೇಲೆ ನೋಡುವುದು. ಸಂಘದ ನಿಯಮಾವಳಿಯಲ್ಲಿ ನಲವತ್ತೆರಡು ನಿಯಮಗಳಿದ್ದವು. ಮೂವತ್ತೊಂದನ್ನು ಅವರೇ ಬರೆದಿದ್ದರು. ಹಿಂದಿನವರು ಬರೆದ ಹನ್ನೊಂದನ್ನು ತಿದ್ದಿದ್ದರು. ಪ್ರದರ್ಶನದ ದೊಡ್ಡ ಕಪ್ಪು ಒಂಬತ್ತು ವರ್ಷದಿಂದ ಅವರ ಮನೆಯ ಶೋಕೇಸಿನಲ್ಲೇ ಇತ್ತು. ವರ್ಷಕ್ಕೊಮ್ಮೆ ಅದನ್ನು ಪ್ರದರ್ಶನಕ್ಕೆ ಕರೆದುಕೊಂಡು ಬಂದು, ಗಾಳಿ ಕುಡಿಸಿ, ಸಂಜೆ ವಾಪಸು ಕರೆದುಕೊಂಡು ಹೋಗುತ್ತಿದ್ದರು.

ಹೆಸರು ನೋಂದಾಯಿಸಲು ಹೋದಾಗ ಅವರು ಅಕ್ಕನಿಗೆ ಹೇಳಿದ್ದರು: "ಡ್ರಮ್ಮಿನಲ್ಲಿ ಬೆಳೆದ ಲಿಲ್ಲಿಗೆ ಒಂದು ಗಾಂಭೀರ್ಯ ಇರೋಲ್ಲಮ್ಮ."

"ಡ್ರಮ್ಮು ಮನೇಲೇ ಬಿಟ್ಟು ಬರ್ತೀನಿ ಸಾರ್."

ಪ್ರದರ್ಶನದ ದಿನ ಗಂಡ ತಮ್ಮ ರಿಪೇರಿ ವ್ಯಾನಿನ ಹಗ್ಗ, ರಾಟೆ, ಸ್ಪ್ಯಾನರುಗಳನ್ನೆಲ್ಲ ಇಳಿಸಿ, ಬಕೆಟ್ಟಿಗೆ ಪೈಪು ಬಿಗಿದು ದಂಟಿಗೆಂದೇ ಒಂದು ನಿಲುವು ಮಾಡಿದ್ದರು. ಮೂರು ಹೂವು ಅರಳಿ, ನಾಲ್ಕನೆಯದು ಮೊಗ್ಗಾಗಿದ್ದ ದಂಟು. ಹೊಸ ತಳಿಯ ವಿಭಾಗಕ್ಕೆ ನಿಯಮ ಹಾಗೇ ಇತ್ತು: ಎರಡಾದರೂ ಹೂವು, ಒಂದಾದರೂ ಮೊಗ್ಗು. ನಾದಿನಿ ವ್ಯಾನಿನ ಹಿಂದೆ ಕೂತು ದಂಟನ್ನು ತಬ್ಬಿ ಹಿಡಿದಿದ್ದಳು. ವ್ಯಾನು ಹೋಗುವ ವೇಗಕ್ಕೆ ಒಬ್ಬ ಅಜ್ಜ ಕೋಲೂರಿಕೊಂಡು ಎರಡು ಸಲ ಹಿಂದೆ ಹಾಕಿದ.

"ಅಣ್ಣಾ, ಲಿಫ್ಟಲ್ಲ ಇದು. ಮುಂದಕ್ಕೂ ಹೋಗುತ್ತೆ."

"ಸುಮ್ನಿರೇ."

ಸಭಾಂಗಣದಲ್ಲಿ ಉದ್ದನೆಯ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅಕ್ಕ ಅಭ್ಯಾಸಬಲದಿಂದ ಅಂಚು ಎತ್ತಿ ನೋಡಿ, ನೀಲಿ ಹೆಚ್ಚಾಗಿದೆ ಎಂದು ಗೊಣಗಿ, ಹೂದಾನಿ ಇಟ್ಟರು. ಚೀಟಿಯಲ್ಲಿ ಬರೆದರು: ಹದಿನೇಳು. ತೀರ್ಪುಗಾರರ ಸಮಯವಾಯಿತೆಂದು ಸ್ಪರ್ಧಿಗಳನ್ನೆಲ್ಲ ಹೊರಗೆ ಕಳಿಸಿದರು.

ಒಂದು ಗಂಟೆಯ ಮೇಲೆ ಬಾಗಿಲು ತೆರೆದಾಗ ಹದಿನೇಳರ ಕೊರಳಿಗೆ ಕೆಂಪು ಚೀಟಿ ಕಟ್ಟಿತ್ತು. "ನಿಯಮ 14: ಪರಾಗಕೋಶ ಕತ್ತರಿಸಲಾಗಿದೆ. ಸ್ಪರ್ಧೆಯಿಂದ ವಜಾ. ಸ್ಪರ್ಧಿಗೆ ಮೂರು ವರ್ಷ ಪ್ರವೇಶವಿಲ್ಲ."

ಲಿಲ್ಲಿ ಬೆಳೆದು ಪ್ರದರ್ಶನಕ್ಕಿಡುವವರ ಲೋಕದಲ್ಲಿ ಇದು ಸಣ್ಣ ಆರೋಪವಲ್ಲ. ಅಂಗಡಿಯವರು ಚಿವುಟಬಹುದು, ಸ್ಪರ್ಧಿ ಚಿವುಟಬಾರದು. ಕಲೆಯಿಲ್ಲದ ಎಸಳು ತೋರಿಸಲು ಕೋಶ ಕಿತ್ತವನು ಅವರ ಕಣ್ಣಲ್ಲಿ ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿದವನಿಗೆ ಸಮ. ಹದಿನೇಳರ ಮುರುಟು ಕೋಶಗಳು ಹೂವು ಅರಳಿದ ಒಂದೆರಡು ಗಂಟೆಯಲ್ಲೇ ಉದುರಿ ಹೋಗುತ್ತವೆ, ಬರೀ ಕಡ್ಡಿ ಉಳಿಯುತ್ತದೆ. ಅದು ಚಿವುಟಿದ ಹೂವಿನಂತೆಯೇ ಕಾಣುತ್ತದೆಂಬುದು ಹನ್ನೊಂದು ವರ್ಷ ಕಡ್ಡಿಯನ್ನೇ ನೋಡುತ್ತಿದ್ದ ಅಕ್ಕನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಪುಡಿಯಿಲ್ಲ ಎಂದು ತಮಗೆ ಗೊತ್ತು, ಆದ್ದರಿಂದ ಎಲ್ಲರಿಗೂ ಗೊತ್ತು ಎಂದುಕೊಂಡುಬಿಟ್ಟಿದ್ದರು.

ಅಧ್ಯಕ್ಷರು ಕೈಕಟ್ಟಿ ನಿಂತಿದ್ದರು. ಅವರ ಪಕ್ಕದಲ್ಲಿ ಹೊರಗಿನಿಂದ ಬಂದ ತೀರ್ಪುಗಾರ್ತಿ, ಕೊರಳಲ್ಲಿ ಭೂತಗನ್ನಡಿ ತೂಗುಹಾಕಿಕೊಂಡ, ಅಗತ್ಯಕ್ಕಿಂತ ಒಂದು ಪದ ಕಡಿಮೆಯೇ ಆಡುವ ಹೆಂಗಸು.

"ಕತ್ತರಿಸಿಲ್ಲ ಸಾರ್," ಎಂದರು ಅಕ್ಕ. "ಇದಕ್ಕೆ ಹುಟ್ಟಿನಿಂದಲೇ ಇಲ್ಲ."

ಅಧ್ಯಕ್ಷರು ಮೂವತ್ತು ವರ್ಷ ಕೇಳಿದ ಮಾತು ಅದು. ತಕ್ಕಡಿ ಹುಟ್ಟಿನಿಂದಲೇ ಹೀಗೆ ಸಾರ್. "ಎಲ್ಲರೂ ಹಾಗೇ ಹೇಳ್ತಾರಮ್ಮ."

"ಎಲ್ಲರ ಮಾತು ಬೇಡ. ಮೊಗ್ಗಿದೆಯಲ್ಲ, ಬಿಡಿಸಿ ನೋಡಿ. ಮುಚ್ಚಿದ ಮೊಗ್ಗಿನೊಳಗೆ ಕೈ ಹಾಕಿ ನಾನು ಏನು ಕತ್ತರಿಸೋಕಾಗುತ್ತೆ?"

ಅಧ್ಯಕ್ಷರು ನಿಯಮಾವಳಿ ತೆಗೆದರು. ತೆಗೆಯುವ ಅಗತ್ಯವಿರಲಿಲ್ಲ, ಅವರಿಗೆ ಬಾಯಿಪಾಠವಿತ್ತು. "ನಿಯಮ ಒಂಬತ್ತು. ಮೇಜಿನ ಮೇಲಿಟ್ಟ ದಂಟಿನಿಂದ ಮೊಗ್ಗಾಗಲಿ ಹೂವಾಗಲಿ ತೆಗೆದರೆ ಅದು ಸ್ಪರ್ಧೆಗಿಲ್ಲ. ಮೊಗ್ಗು ಕೊಯ್ದ್ರೆ ಹಾಗೂ ಹೋಯ್ತು."

ಕೊಯ್ಯದಿದ್ದರೆ ಕಳ್ಳಿ, ಮೂರು ವರ್ಷ ಹೊರಗೆ. ಕೊಯ್ದರೆ ಈ ವರ್ಷದ ಸ್ಪರ್ಧೆ ಮುಗಿಯಿತು. ಹಾಳೆಯೂ ಇಲ್ಲ, ಬೋರ್ಡೂ ಬದಲಾಗುವುದಿಲ್ಲ. ನಾದಿನಿ ಅತ್ತಿಗೆಯ ತೋಳು ಹಿಡಿದಳು. "ಅತ್ತಿಗೆ, ಬೇಡ. ಮುಂದಿನ ವರ್ಷ ಬರೋಣ, ಇವರಿಗೆ ಮೊದಲೇ ತಿಳಿಸಿ…"

"ಮುಂದಿನ ವರ್ಷ ಕಳ್ಳೀನ ಒಳಗೆ ಬಿಡ್ತಾರೇನೇ?" ಎಂದು ಅಕ್ಕ ತೀರ್ಪುಗಾರ್ತಿಯ ಕಡೆ ತಿರುಗಿದರು. "ನೀವು ಹತ್ತಿರ ಬನ್ನಿ. ಚೆನ್ನಾಗಿ ಕಾಣ್ಬೇಕು."

ಶೀಟಿನ ನಂಬರು ಚೀಟಿ ಬಿಚ್ಚುವ ಸಣ್ಣ ಬ್ಲೇಡು ಕೋಟಿನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಅಕ್ಕ ಮೊಗ್ಗನ್ನು ಬುಡದಲ್ಲಿ ಕೊಯ್ದು, ಹೊಲಿಗೆ ಬಿಚ್ಚುವಷ್ಟೇ ನಾಜೂಕಾಗಿ ಉದ್ದಕ್ಕೆ ಸೀಳಿ, ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿದರು.

ತೀರ್ಪುಗಾರ್ತಿ ಭೂತಗನ್ನಡಿ ಹಿಡಿದು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಕೊನೆಗೆ ಹೇಳಿದರು: "ಹೋಲಿಸೋಕೆ ಇನ್ನೊಂದು ಮೊಗ್ಗು."

ಎಲ್ಲರ ಕಣ್ಣೂ ಒಟ್ಟಿಗೆ ಪಕ್ಕದ ಮೇಜಿನ ಮೇಲಿದ್ದ ಅಧ್ಯಕ್ಷರ ಏಳು ಹೂವಿನ, ಐದು ಮೊಗ್ಗಿನ ದಂಟಿನ ಕಡೆ ಹೊರಳಿದವು. ಅಧ್ಯಕ್ಷರು ಎರಡು ಹೆಜ್ಜೆಯಲ್ಲಿ ಅಲ್ಲಿ ತಲುಪಿ, ಎರಡೂ ತೋಳು ಚಾಚಿ, ಬಸ್ಸಿಗೆ ಅಡ್ಡ ನಿಂತ ಕಂಡಕ್ಟರಿನಂತೆ ನಿಂತರು.

"ನಿಯಮ ಒಂಬತ್ತು!" ಎಂದರು. ಈ ಸಲ ದನಿ ಸ್ವಲ್ಪ ಸಣ್ಣದಾಗಿತ್ತು.

ಬಾಗಿಲ ಬಳಿ ಅಲಂಕಾರಕ್ಕಿಟ್ಟ ಹೂದಾನಿಯಿಂದ ನಾದಿನಿಯೇ ಒಂದು ಲಿಲ್ಲಿ ಮೊಗ್ಗು ಕಿತ್ತು ತಂದಳು. ಅದನ್ನೂ ಸೀಳಿದರು. ಒಂದರಲ್ಲಿ ಆರು ಕೋಶಗಳು ಹಸಿರಾಗಿ ಉಬ್ಬಿ, ಡಬ್ಬಿಯೊಳಗೆ ಒತ್ತರಿಸಿ ಜೋಡಿಸಿಟ್ಟ ಹಾಗೆ ಕೂತಿದ್ದವು. ಇನ್ನೊಂದರಲ್ಲಿ ಆರು ತುಂಡು ಸುಟ್ಟ ದಾರ. ಭೂತಗನ್ನಡಿ ಬೇಕಾಗಿರಲಿಲ್ಲ, ಹಿಂದಿನ ಸಾಲಿನಲ್ಲಿ ಕುರ್ಚಿ ಹತ್ತಿ ನಿಂತವರಿಗೂ ಕಂಡಿತು.

ಅಧ್ಯಕ್ಷರು ಬಗ್ಗಿ ನೋಡಿದರು. ಜೇಬಿನಿಂದ ಟೇಪು ತೆಗೆದು ಸುಟ್ಟ ದಾರವೊಂದನ್ನು ಅಳೆದರು. ಎರಡು ಮಿಲಿಮೀಟರು. ಮತ್ತೊಮ್ಮೆ ಅಳೆದರು. ಆಮೇಲೆ ತಾವೇ ಕೈಯಾರೆ ಕೆಂಪು ಚೀಟಿ ಬಿಚ್ಚಿದರು. ಸುಳ್ಳು ತಕ್ಕಡಿಯನ್ನು ಬಿಟ್ಟವರಲ್ಲ ಅವರು. ಸರಿ ತಕ್ಕಡಿಯನ್ನು ಜಪ್ತಿ ಮಾಡಿದವರೂ ಅಲ್ಲ.

"ವಜಾ ವಾಪಸು ತಗೊಂಡಿದ್ದೀನಿ," ಎಂದರು. "ಆದರೆ ಸ್ಪರ್ಧೆಗಿಲ್ಲ. ಮೊಗ್ಗು ಕೊಯ್ದಿದೆ."

"ಗೊತ್ತು ಸಾರ್. ಮುಂದಿನ ವರ್ಷ ಬರ್ತೀನಿ," ಎಂದು ಅಕ್ಕ ಬ್ಲೇಡು ಒರೆಸಿ ಜೇಬಿಗಿಟ್ಟರು. "ಆಗ ಐದು ಮೊಗ್ಗಿರೋ ದಂಟೇ ತರ್ತೀನಿ. ಎಷ್ಟು ಬೇಕಾದ್ರೂ ಕೊಯ್ದು ನೋಡಿ."

ತೀರ್ಪುಗಾರ್ತಿ ಕೈ ಚಾಚಿದರು. "ಪುಸ್ತಕ."

ಅಧ್ಯಕ್ಷರು ನಿಯಮಾವಳಿ ಕೊಟ್ಟರು. ಆಕೆ ನಿಧಾನವಾಗಿ ಹಾಳೆ ಮಗುಚಿ, ಒಂದು ಕಡೆ ನಿಂತು, ಭೂತಗನ್ನಡಿ ಇಟ್ಟು, ಗಟ್ಟಿಯಾಗಿ ಓದಿದರು: "ನಿಯಮ ಮೂವತ್ತೆಂಟು. ಹೊಸ ತಳಿಯ ವಿಶೇಷ ಗುಣವನ್ನು ಹೊರಗಿನ ತೀರ್ಪುಗಾರರು ಪ್ರದರ್ಶನದ ಸ್ಥಳದಲ್ಲಿ ಕಣ್ಣಾರೆ ಕಂಡು ಸಹಿ ಹಾಕಿದಲ್ಲಿ, ಬಹುಮಾನ ಬಂದಿರಲಿ ಬಾರದಿರಲಿ, ಅದನ್ನು ಪಟ್ಟಿಗೆ ಸೇರಿಸತಕ್ಕದ್ದು." ತಲೆಯೆತ್ತಿದರು. "ಕಂಡೆ."

"ಇದು ಯಾರು ಬರೆದಿದ್ದು?" ಎಂದು ಅಧ್ಯಕ್ಷರು ಗಾಬರಿಯಿಂದ ಪುಸ್ತಕ ಕಸಿದುಕೊಂಡರು. ಕೆಳಗೆ ಅವರದೇ ಸಹಿಯಿತ್ತು. ಮತ್ತೊಮ್ಮೆ ಓದಿದರು, ಈ ಸಲ ತುಟಿಯಲ್ಲಿ ಮೆಲ್ಲಗೆ ಉಚ್ಚರಿಸುತ್ತ. ಗಾಬರಿ ಇಳಿದು ಮುಖದಲ್ಲಿ ಒಂದು ಬಗೆಯ ಕಾಂತಿ ಬಂತು. "ಎಷ್ಟು ಸ್ಪಷ್ಟವಾಗಿದೆ ನೋಡಿ! 'ಬಂದಿರಲಿ ಬಾರದಿರಲಿ'. ಒಂದು ಸಂದು ಬಿಟ್ಟಿಲ್ಲ." ಅಕ್ಕನ ಲಿಲ್ಲಿಯಲ್ಲದಿದ್ದರೂ ತಮ್ಮ ವಾಕ್ಯವಾದರೂ ಗೆದ್ದಿತೆಂಬ ಸಮಾಧಾನದಲ್ಲಿ ಅವರು ಅಲ್ಲೇ, ತೀರ್ಪುಗಾರ್ತಿ ಸಹಿ ಹಾಕಿದ ಹಾಳೆಗೆ ಸಂಘದ ಮೊಹರು ಒತ್ತಿದರು. ಮೊಹರು ಸ್ವಲ್ಪ ವಾಲಿತೆಂದು ಇನ್ನೊಂದು ಒತ್ತಿದರು.

ಕಪ್ಪು ಹತ್ತನೆಯ ವರ್ಷವೂ ಅಧ್ಯಕ್ಷರಿಗೇ ಹೋಯಿತು. ಅದನ್ನು ಎತ್ತಿಕೊಳ್ಳುವಾಗ ಅವರ ಬಿಳಿ ಕೋಟಿನ ತೋಳು ತಮ್ಮದೇ ಏಳು ಹೂವಿನ ಮೇಲೆ ಉದ್ದಕ್ಕೆ ಒರಗಿತು. ಐದು ನಿಮಿಷದಲ್ಲಿ ಅವರು ಜನರನ್ನು ಸರಿಸಿಕೊಂಡು ಅಕ್ಕನ ಬಳಿ ಬಂದರು. ದನಿ ತಗ್ಗಿಸಿದರು.

"ನೀವು ಲಾಂಡ್ರಿಯವರಲ್ವೇನಮ್ಮ? ಇದಕ್ಕೆ ಏನು ಮಾಡ್ಬೇಕು?"

ಅಕ್ಕ ತೋಳು ನೋಡಿದರು. ಮೊಣಕೈವರೆಗೆ ಕಿತ್ತಳೆ ಬಣ್ಣದ ಮೋಡ, ಅಂಚಿನಲ್ಲಿ ತೇವ.

"ಒದ್ದೆ ಕರ್ಚೀಫಲ್ಲಿ ಉಜ್ಜಿದ್ರಾ?"

"ಹೂಂ… ಸ್ವಲ್ಪ."

"ಹಾಗಾದ್ರೆ ಏನೂ ಮಾಡ್ಬೇಡಿ ಸಾರ್. ಇನ್ನೊಂದು ತೋಳಿಗೂ ಹಚ್ಚಿಕೊಳ್ಳಿ, ಸಮ ಕಾಣುತ್ತೆ."

ನಾದಿನಿ ನಗು ತಡೆಯಲಾಗದೆ ಹೂದಾನಿಗಳ ಹಿಂದೆ ಹೋಗಿ ಕೂತಳು. ಗಂಡ ಮೊಹರು ಒತ್ತಿದ ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು, ಲಿಫ್ಟಿನ ನಕ್ಷೆ ಸುತ್ತುವ ಕೊಳವೆಯೊಳಗೆ ಹಾಕಿ, ಮುಚ್ಚಳ ಬಿಗಿದು, ಬಿಗಿದದ್ದನ್ನು ಮತ್ತೆರಡು ಸಲ ಪರೀಕ್ಷಿಸಿದರು. ನಾಳೆ ಬೆಳಗ್ಗೆ ಅದು ಸೂಪರಿಂಟೆಂಡೆಂಟರ ಮೇಜಿನ ಮೇಲಿರಬೇಕು.

ಅಧ್ಯಕ್ಷರ ಸಂದರ್ಶನ ಮುಗಿಸಿದ ಪತ್ರಿಕೆಯ ವರದಿಗಾರ ಅಷ್ಟರಲ್ಲಿ ಅಲ್ಲಿಗೆ ಬಂದ. ಕಪ್ಪಿನ ಎತ್ತರ, ಸುತ್ತಳತೆ ಮತ್ತು ತೂಕದಿಂದಲೇ ಅವನ ಪುಸ್ತಕದ ಆರು ಹಾಳೆ ತುಂಬಿತ್ತು. ಅಂಚಿನಲ್ಲಿ ಒಂದಿಷ್ಟು ಜಾಗ ಉಳಿದಿತ್ತು. ಅಕ್ಕ ಬಗ್ಗಿ ಬಕೆಟ್ಟಿನ ನೀರು ಚೆಲ್ಲುತ್ತಿದ್ದರು.

"ಮೇಡಂ, ಒಂದೇ ಒಂದು ಪ್ರಶ್ನೆ. ಹನ್ನೊಂದು ವರ್ಷ ಈ ಹೂವಿನ ಜೊತೆ ಬದುಕಿದ್ದೀರಿ. ಕೊನೆಗೆ, ಈ ಲಿಲ್ಲಿ ನಿಮಗೆ ಕಲಿಸಿದ ಪಾಠ ಏನು?"

ಅಕ್ಕ ನಿಟ್ಟುಸಿರುಬಿಟ್ಟು ನೆಟ್ಟಗಾದರು. ಬಕೆಟ್ಟನ್ನು ಗಂಡನ ಕೈಗೆ ಕೊಟ್ಟರು.

"ಅದು ನನಗೇನ್ರೀ ಕಲಿಸುತ್ತೆ? ಹನ್ನೊಂದು ವರ್ಷ ನಾನು ಅದಕ್ಕೆ ಕಲಿಸಿದ್ದು."